ಪುಟ್ಟ ಪೆಟ್ಟಿಗೆಯ ಬಾಸ್: ಲಿಂಕ್‌ವಿಟ್ಸ್ ಸರ್ಕ್ಯೂಟಿನ ಲೆಕ್ಕ

ಪಿಯಾನೊದ ಅತಿ ತಗ್ಗಿನ ಸ್ವರ 27.5 ಹರ್ಟ್ಸ್, ಬಾಸ್ ಗಿಟಾರಿನ ದಪ್ಪ ತಂತಿಯದು ಸುಮಾರು 41. ಕಪಾಟಿನಲ್ಲಿ ಕೂರುವ ಬಹುಪಾಲು ಸ್ಪೀಕರುಗಳು ಈ ಆಳಕ್ಕೆ ಇಳಿಯುವ ಮೊದಲೇ ಸೋಲುತ್ತವೆ. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗಿನಂತೆ ಕೋನನ್ನು ಹಿಡಿದೆಳೆಯುತ್ತದೆ. ಪೆಟ್ಟಿಗೆ ಕಿರಿದಾದಷ್ಟೂ ಹಿಡಿತ ಬಿಗಿ. ಅನುರಣನದ ಬಿಂದು, ಅಂದರೆ ಕೋನು ಪೆಟ್ಟಿಗೆಯ ಗಾಳಿಯೊಡನೆ ತಾನಾಗಿ ಕಂಪಿಸುವ ಕಂಪನಾಂಕ, ದಾಟಿ ಒಂದೊಂದು ಸ್ಥಾಯಿ ಕೆಳಗಿಳಿದಂತೆ ಧ್ವನಿ 12 ಡೆಸಿಬಲ್ ಕುಸಿಯುತ್ತದೆ.

ಈ ಕುಸಿತ ಲೆಕ್ಕಕ್ಕೆ ಸಿಗುವಂಥದ್ದು. ಜರ್ಮನಿಯಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಹ್ಯೂಲೆಟ್-ಪ್ಯಾಕರ್ಡ್‌ನಲ್ಲಿ ದುಡಿದ ಎಂಜಿನಿಯರ್ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಕೈಹಾಕಿದ್ದು ಅಲ್ಲಿಗೇ. ಒಂದು ಆಪ್-ಆಂಪ್ (ಪುಟ್ಟ ಆಂಪ್ಲಿಫೈಯರ್ ಚಿಪ್), ಕೆಲವು ರೆಸಿಸ್ಟರು, ಕೆಪಾಸಿಟರು: ಇಷ್ಟರಲ್ಲೇ ಅವರ ಸರ್ಕ್ಯೂಟು ಪೆಟ್ಟಿಗೆಯ ಹಳೆಯ ಅನುರಣನವನ್ನು ಅಳಿಸಿ, ನಮಗೆ ಬೇಕಾದ ತಗ್ಗಿನಲ್ಲಿ ಹೊಸದನ್ನು ಕೂರಿಸುತ್ತದೆ. ಆಂಪ್ಲಿಫೈಯರಿನ ಬಾಸ್ ಗುಂಡಿಗೆ ಈ ಸೂಕ್ಷ್ಮ ಇಲ್ಲ. ಇಕ್ಕಟ್ಟಾದ ಪೆಟ್ಟಿಗೆ ಅನುರಣನದ ಹತ್ತಿರ ಗುಂಯ್‌ಗುಡುತ್ತಿದ್ದರೆ ಗುಂಡಿ ಅದನ್ನೂ ಉಬ್ಬಿಸುತ್ತದೆ. ಲಿಂಕ್‌ವಿಟ್ಸ್ ಸರ್ಕ್ಯೂಟು ಅಲ್ಲಿ ಅಷ್ಟೇ ಪ್ರಮಾಣದಲ್ಲಿ ತಗ್ಗಿಸಿ, ಕೆಳಗೆ ಏರಿಸುತ್ತದೆ. ಅದರ ನಿಜವಾದ ಸೊಗಸು ಇರುವುದು ಈ ಅಚ್ಚುಕಟ್ಟಿನಲ್ಲಿ.

ಆದರೆ ಸರ್ಕ್ಯೂಟು ಗಾಳಿಯನ್ನು ತಳ್ಳುವುದಿಲ್ಲ, ತಳ್ಳಬೇಕಾದ್ದು ಕೋನೇ. ಅನುರಣನವನ್ನು 60ರಿಂದ 30 ಹರ್ಟ್ಸ್‌ಗೆ ಇಳಿಸಿದರೆ ತೀರಾ ತಳದಲ್ಲಿ 12 ಡೆಸಿಬಲ್ ಏರಿಕೆ ಬೇಕು. ಅಂದರೆ 5 ವ್ಯಾಟ್ ಸಾಕಾಗುತ್ತಿದ್ದಲ್ಲಿ 80 ವ್ಯಾಟ್. ಅಷ್ಟೇ ಜೋರಿನ ಸದ್ದನ್ನು ಅರ್ಧ ಕಂಪನಾಂಕದಲ್ಲಿ ಹೊರಡಿಸಲು ಕೋನು ನಾಲ್ಕು ಪಟ್ಟು ದೂರ ಓಡಾಡಬೇಕು: 2 ಮಿಲಿಮೀಟರ್ ಇದ್ದದ್ದು 8. ಚಿಕ್ಕ ವೂಫರಿಗೆ ಅಷ್ಟು ಜಾಗವೇ ಇರುವುದಿಲ್ಲ. ಸ್ವರ ಒಡೆಯುತ್ತದೆ, ಕಾಯಿಲ್ ಕಾಯುತ್ತದೆ. 1968ರ ಬೋಸ್ 901 ಸ್ಪೀಕರು ಕೂಡ ಪ್ರತ್ಯೇಕ ಈಕ್ವಲೈಜರ್ ನೆಚ್ಚಿಕೊಂಡಿತ್ತು, ಆದರೆ ಪ್ರತಿ ಪೆಟ್ಟಿಗೆಯಲ್ಲೂ ಒಂಬತ್ತು ಡ್ರೈವರುಗಳು ಹೊರೆ ಹಂಚಿಕೊಳ್ಳುತ್ತಿದ್ದವು.

ರಂಧ್ರವಿರುವ ಪೆಟ್ಟಿಗೆಗಂತೂ ಈ ಸರ್ಕ್ಯೂಟು ಸಲ್ಲ. ರಂಧ್ರದ ಶ್ರುತಿಗಿಂತ ಕೆಳಗೆ ಕೋನಿಗೆ ಗಾಳಿಯ ಆಸರೆ ತಪ್ಪುತ್ತದೆ; ಅಲ್ಲಿ ಏರಿಕೆ ಕೊಟ್ಟರೆ ವೂಫರ್ ಹಾಳಾದೀತು.

ಇನ್ನೊಂದು ಕೊರತೆ: ಸದ್ದು ಮೆಲ್ಲಗಿರಲಿ, ಜೋರಿರಲಿ, ಸರ್ಕ್ಯೂಟು ಕೊಡುವ ಏರಿಕೆ ಒಂದೇ. ಇಂದಿನ ಡಿಜಿಟಲ್ ಸ್ಪೀಕರುಗಳು ವಾಲ್ಯೂಮ್ ಹೆಚ್ಚಿದಂತೆ ಬಾಸನ್ನು ತಾವೇ ಹಿಂದೆಗೆಯಬಲ್ಲವು. ಹಾಗಾಗಿ ದೊಡ್ಡ ವೂಫರ್, ಸಾಧಾರಣ ಕೋಣೆ, ಹದವಾದ ಸದ್ದು ಇದ್ದಲ್ಲಿ ಮಾತ್ರ ಇದನ್ನು ಧಾರಾಳವಾಗಿ ಹೊಗಳಬಹುದು. ಲಿಂಕ್‌ವಿಟ್ಸ್ ತಮ್ಮ ಕೊನೆಯ ವರ್ಷಗಳಲ್ಲಿ ರೂಪಿಸಿದ ಎಲ್‌ಎಕ್ಸ್521 ಸ್ಪೀಕರಿನಲ್ಲಿ ಪೆಟ್ಟಿಗೆಯನ್ನೇ ಬಿಟ್ಟರು, ಬಾಸ್ ಏರಿಸುವ ಫಿಲ್ಟರನ್ನು ಉಳಿಸಿಕೊಂಡರು. ಒಂದೊಂದು ಬದಿಗೂ ಹತ್ತು ಇಂಚಿನ ಎರಡೆರಡು ವೂಫರ್ ಕೊಟ್ಟರು.