ಮರಣೋತ್ತರ ಪರೀಕ್ಷೆ ಇಲ್ಲದ ಸಾವು: ಕಡಲ ಪ್ಲಾಸ್ಟಿಕ್ ಕುರಿತ ಎರಡು ಸಾಕ್ಷ್ಯಚಿತ್ರಗಳ ವಿಮರ್ಶೆ

ಕಳೆದ ಚಳಿಗಾಲದಲ್ಲಿ ನಮ್ಮ ಸಂಘದ ಮಕ್ಕಳಿಗಾಗಿ ಕಡಲ ಮಾಲಿನ್ಯದ ಬಗ್ಗೆ ಒಂದು ಸಂಜೆಯ ಕಾರ್ಯಕ್ರಮ ಏರ್ಪಾಡಾಗಿತ್ತು. ಎರಡು ಸಾಕ್ಷ್ಯಚಿತ್ರಗಳ ಆಯ್ದ ಭಾಗಗಳನ್ನು ತೋರಿಸುವುದು, ಆಮೇಲೆ ವೈದ್ಯನೆಂಬ ಕಾರಣಕ್ಕೆ ನನ್ನಿಂದ ನಾಲ್ಕು ಮಾತು ಹೇಳಿಸುವುದು ಎಂದು ಗೊತ್ತಾಗಿತ್ತು. ಪರದೆಯ ಮೇಲೆ ತಾಯಿ ತಿಮಿಂಗಿಲವೊಂದು ಸತ್ತ ಮರಿಯನ್ನು ಬಿಡಲಾರದೆ ಹೊತ್ತುಕೊಂಡೇ ಈಜುತ್ತಿತ್ತು. ದೀಪ ಹಾಕಿದಾಗ ಮುಂದಿನ ಸಾಲಿನಲ್ಲಿದ್ದ ಎಂಟು ವರ್ಷದ ಹುಡುಗಿಯೊಬ್ಬಳು ಕೈಯಲ್ಲಿದ್ದ ನೀರಿನ ಬಾಟಲಿ ತೋರಿಸಿ ಕೇಳಿದಳು: "ಡಾಕ್ಟರ್ ಅಜ್ಜ, ಆ ಮರಿ ಸತ್ತಿದ್ದು ಇದರಿಂದಲಾ?" ನಾನು "ಹೌದು ಪುಟ್ಟಿ, ಇಂಥದ್ದರಿಂದಲೇ" ಎಂದೆ. ಸಭೆ ಚಪ್ಪಾಳೆ ತಟ್ಟಿತು. ಹುಡುಗಿ ಬಾಟಲಿಯನ್ನು ಕುರ್ಚಿಯ ಕೆಳಗೆ ಅಡಗಿಸಿಟ್ಟಳು.

ಮನೆಗೆ ಬಂದ ಮೇಲೆ ಆ ಉತ್ತರ ನನ್ನನ್ನು ಕಾಡತೊಡಗಿತು. ಮೂವತ್ತೈದು ವರ್ಷ ರೋಗಿಗಳನ್ನು ನೋಡಿದವನು, ದೇಹ ಮುಟ್ಟದೆ, ದಾಖಲೆ ನೋಡದೆ ಸಾವಿಗೆ ಕಾರಣ ಬರೆದುಕೊಟ್ಟಂತಾಯಿತು. ಆಮೇಲೆ ಆ ಎರಡೂ ಚಿತ್ರಗಳನ್ನು ಪೂರ್ತಿಯಾಗಿ ನೋಡಿದೆ. ಅವುಗಳ ಸುತ್ತ ಹುಟ್ಟಿಕೊಂಡ ಅಂಕಿಗಳನ್ನು ಮೂಲ ಸಂಶೋಧನೆಗಳ ಜೊತೆ ಇಟ್ಟು ಓದಿದೆ. ಈ ಲೇಖನ ಅದರ ಫಲ.

ಎರಡು ಚಿತ್ರಗಳು

ಮೊದಲನೆಯದು 2016ರ 'ಎ ಪ್ಲಾಸ್ಟಿಕ್ ಓಶನ್'. ನಿರ್ದೇಶಕ ಆಸ್ಟ್ರೇಲಿಯಾದ ಪತ್ರಕರ್ತ ಕ್ರೇಗ್ ಲೀಸನ್. ನೀಲಿ ತಿಮಿಂಗಿಲವನ್ನು ಚಿತ್ರಿಸಲು ಶ್ರೀಲಂಕಾದ ಕಡಲಿಗೆ ಹೋದವರಿಗೆ ಅಲ್ಲಿ ಪ್ಲಾಸ್ಟಿಕ್ ಕಸ ಎದುರಾಗುತ್ತದೆ. ಅಲ್ಲಿಂದ ಚಿತ್ರ ಜಗತ್ತಿನ ಹಲವು ಕಡಲುಗಳಿಗೆ ಹೋಗುತ್ತದೆ. ಅದರ ಅತ್ಯುತ್ತಮ ಭಾಗ ಲಾರ್ಡ್ ಹೌ ದ್ವೀಪದ್ದು. ಸತ್ತ ಕಡಲಹಕ್ಕಿಯ ಹೊಟ್ಟೆಯನ್ನು ವಿಜ್ಞಾನಿ ಕೊಯ್ದು ಒಳಗಿನ ಚೂರುಗಳನ್ನು ಒಂದೊಂದಾಗಿ ಹೊರಗಿಡುತ್ತಾರೆ. ಅಲ್ಲಿ ಅಳುವ ಸಂಗೀತ ಬೇಕಿಲ್ಲ. ದೇಹ ಎದುರಿಗಿದೆ, ಚೂರಿ ಇದೆ, ಎಣಿಕೆ ಇದೆ. ವೈದ್ಯಕೀಯ ವಿದ್ಯಾರ್ಥಿಗೆ ಶವಾಗಾರದಲ್ಲಿ ಕಲಿಸುವುದೂ ಅದನ್ನೇ.

ಎರಡನೆಯದು ಬಿಬಿಸಿಯ 'ಬ್ಲೂ ಪ್ಲಾನೆಟ್ 2', 2017ರದು. ನಿರೂಪಣೆ ಸರ್ ಡೇವಿಡ್ ಅಟೆನ್‌ಬರೋ ಅವರದು. ನಮ್ಮ ಮಕ್ಕಳು ನೋಡಿದ ಪೈಲಟ್ ತಿಮಿಂಗಿಲದ ದೃಶ್ಯ ಇದರಲ್ಲಿದೆ. ತಾಯಿಯ ಹಾಲು ಕಲುಷಿತವಾಗಿ ಮರಿ ಸತ್ತಿರಬಹುದು ಎಂಬ ಸೂಚನೆ ನಿರೂಪಣೆಯಲ್ಲಿ ಬರುತ್ತದೆ; ಪ್ಲಾಸ್ಟಿಕ್ಕಿನ ಮಾತೂ ಅದರ ಜೊತೆಗೇ ಬರುತ್ತದೆ. ಆದರೆ ಆ ಮರಿಯ ಮರಣೋತ್ತರ ಪರೀಕ್ಷೆ ನಡೆದಿರಲಿಲ್ಲ. ತಿಮಿಂಗಿಲದ ಮರಿಗಳು ಸೋಂಕಿನಿಂದ, ಹೆರಿಗೆಯ ತೊಂದರೆಯಿಂದ, ಹಸಿವಿನಿಂದ ಸಾಯುತ್ತವೆ, ವಿಷದಿಂದಲೂ ಸಾಯಬಹುದು. 'ಇರಬಹುದು' ಎಂಬ ಒಂದು ಪದವನ್ನು ಅಟೆನ್‌ಬರೋ ಪ್ರಾಮಾಣಿಕವಾಗಿ ಬಳಸಿದ್ದಾರೆ. ಆದರೆ ತಾಯಿಯ ದುಃಖ ಕಣ್ಣ ಮುಂದಿರುವಾಗ ಆ ಪದ ಯಾರ ಕಿವಿಗೂ ಬೀಳುವುದಿಲ್ಲ. ನನ್ನ ಕಿವಿಗೂ ಬೀಳಲಿಲ್ಲ.

ಎರಡು ಚಿತ್ರಗಳ ವ್ಯತ್ಯಾಸ ಇಲ್ಲಿದೆ. ಹಕ್ಕಿಯ ದೃಶ್ಯ ಪುರಾವೆಯಿಂದ ದುಃಖಕ್ಕೆ ಹೋಗುತ್ತದೆ. ತಿಮಿಂಗಿಲದ ದೃಶ್ಯ ದುಃಖದಿಂದ ಹೊರಟು ಪುರಾವೆಯ ಜಾಗವನ್ನು ಖಾಲಿ ಬಿಡುತ್ತದೆ. ಆ ಖಾಲಿ ಜಾಗವನ್ನು ನೋಡುಗರು ತುಂಬಿಕೊಳ್ಳುತ್ತಾರೆ. ಅಂದು ಸಂಜೆ ನಾನು ತುಂಬಿದ ಹಾಗೆ.

ವಾರಕ್ಕೊಂದು ಕಾರ್ಡ್

ಇಂಥ ಚಿತ್ರಗಳ ಬೆನ್ನಲ್ಲೇ ಅಂಕಿಗಳು ಬಂದವು. ವಾಟ್ಸಾಪ್‌ನಲ್ಲಿ ಈಗಲೂ ತಿರುಗುತ್ತಿವೆ. ಅವುಗಳಲ್ಲಿ ಅತಿ ಪ್ರಸಿದ್ಧವಾದದ್ದು, ಪ್ರತಿಯೊಬ್ಬರೂ ವಾರಕ್ಕೆ ಒಂದು ಕ್ರೆಡಿಟ್ ಕಾರ್ಡ್‌ನಷ್ಟು, ಅಂದರೆ 5 ಗ್ರಾಂ ಪ್ಲಾಸ್ಟಿಕ್ ತಿನ್ನುತ್ತಾರೆ ಎಂಬುದು. ಇದು ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಗಾಗಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯ ಮಾಡಿದ ಲೆಕ್ಕ, 2019ರಲ್ಲಿ ಹೊರಬಂತು. ಆ ತಂಡದ ಸಂಶೋಧನಾ ಪ್ರಬಂಧವನ್ನು ಓದಿದರೆ ಅಂದಾಜು 0.1ರಿಂದ 5 ಗ್ರಾಂವರೆಗೆ ಹರಡಿದೆ. ಜಗತ್ತು ಎತ್ತಿಕೊಂಡದ್ದು ಮೇಲಿನ ತುದಿಯನ್ನು ಮಾತ್ರ. 2021ರಲ್ಲಿ ನೆದರ್ಲೆಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯದ ತಂಡ ಬೇರೆ ವಿಧಾನದಿಂದ ಲೆಕ್ಕ ಹಾಕಿದಾಗ ವಯಸ್ಕರಿಗೆ ವಾರಕ್ಕೆ ಸುಮಾರು 4 ಮೈಕ್ರೋಗ್ರಾಂ ಬಂತು. ಎರಡರ ನಡುವೆ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಅಂತರ! ರಕ್ತ ಪರೀಕ್ಷೆಯ ಎರಡು ವರದಿಗಳಲ್ಲಿ ಇಷ್ಟು ವ್ಯತ್ಯಾಸ ಬಂದರೆ ಯಾವ ವೈದ್ಯನೂ ಔಷಧ ಬರೆಯುವುದಿಲ್ಲ, ಮತ್ತೆ ಪರೀಕ್ಷೆ ಮಾಡಿಸಿ ಎನ್ನುತ್ತಾನೆ.

ಕಡಲಿಗೆ ಸೇರುವ ಪ್ಲಾಸ್ಟಿಕ್ಕಿನ ಅಂಕಿಯ ಕಥೆಯೂ ಹೀಗೆಯೇ. 2015ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಜೆನ್ನಾ ಜಾಂಬೆಕ್ ಮತ್ತು ಸಂಗಡಿಗರು 2010ರ ವರ್ಷಕ್ಕೆ ಕೊಟ್ಟ ಅಂದಾಜು 48 ಲಕ್ಷದಿಂದ 127 ಲಕ್ಷ ಟನ್. ನಾವು ಕೇಳುವ '80 ಲಕ್ಷ ಟನ್' ಅದರ ನಡುವಿನದು. 2021ರಲ್ಲಿ ನದಿಗಳನ್ನು ಮಾತ್ರ ಹಿಡಿದು ಮಾಡಿದ ಇನ್ನೊಂದು ಲೆಕ್ಕದಲ್ಲಿ ವರ್ಷಕ್ಕೆ 8 ಲಕ್ಷದಿಂದ 27 ಲಕ್ಷ ಟನ್ ಬಂತು. ಅದರ ಶೇಕಡ 80ರಷ್ಟು ಬರುವುದು ಸಾವಿರಕ್ಕೂ ಹೆಚ್ಚು ನದಿಗಳಿಂದ, ಅವುಗಳಲ್ಲಿ ಬಹುಪಾಲು ನಗರಗಳ ನಡುವೆ ಹರಿಯುವ ಸಣ್ಣ ನದಿಗಳು. ಇದು ನಮ್ಮ ಕರಾವಳಿಯವರಿಗೆ ಹೊಸ ಸುದ್ದಿಯಲ್ಲ. ಮಳೆಗಾಲದಲ್ಲಿ ಹೊಳೆಗಳು ಊರಿನ ಕಸವನ್ನೆಲ್ಲ ಕಡಲಿಗೆ ಕೊಡುವುದನ್ನೂ, ಕಡಲು ತನಗೆ ಬೇಡವಾದದ್ದನ್ನು ದಡಕ್ಕೆ ತಂದು ಹಾಕುವುದನ್ನೂ ನಾವು ಕಂಡಿದ್ದೇವೆ.

ಅಂಕಿ ಅನಿಶ್ಚಿತ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ. 2024ರ ಮಾರ್ಚ್‌ನಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂದ ಇಟಲಿಯ ಅಧ್ಯಯನವನ್ನು ನಾನು ಎರಡು ಸಲ ಓದಿದೆ. ಕುತ್ತಿಗೆಯ ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಪರೀಕ್ಷಿಸಿದಾಗ 257 ಜನರಲ್ಲಿ 150 ಜನರ ಕೊಬ್ಬಿನಲ್ಲಿ ಪಾಲಿಎಥಿಲೀನ್ ಸಿಕ್ಕಿತು. ಸುಮಾರು ಮೂರು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವು ಕಂಡವರು ಇವರಲ್ಲಿ ಶೇಕಡ 20. ಪ್ಲಾಸ್ಟಿಕ್ ಸಿಗದವರಲ್ಲಿ ಶೇಕಡ 7.5. ಇದು ಕಾರಣವನ್ನು ಸಾಬೀತುಮಾಡುವುದಿಲ್ಲ ಎಂದು ಲೇಖಕರೇ ಒಪ್ಪಿಕೊಂಡಿದ್ದಾರೆ. ಆದರೂ ಇದು ಕೈಗೆ ಸಿಕ್ಕ ದೇಹದಿಂದ ಹೊರಟ ಪುರಾವೆ. ಕ್ರೆಡಿಟ್ ಕಾರ್ಡಿನ ಕಥೆಗಿಂತ ನನ್ನನ್ನು ಹೆಚ್ಚು ಎಚ್ಚರಿಸಿದ್ದು ಇದು. ಉತ್ಪ್ರೇಕ್ಷೆ ಮಾಡಿದರೆ ಆಗುವ ನಷ್ಟ ಇಷ್ಟೇ: ಸುಳ್ಳು ಗಂಟೆ ಬಾರಿಸಿ ಅಭ್ಯಾಸವಾದ ಊರಿನಲ್ಲಿ ನಿಜವಾದ ಬೆಂಕಿ ಬಿದ್ದಾಗ ಯಾರೂ ಏಳುವುದಿಲ್ಲ.

ಚಿತ್ರದಲ್ಲಿ ಕಾಣದ ಅರ್ಧ

ನನ್ನ ದೊಡ್ಡ ಆಕ್ಷೇಪ ಬೇರೆ ಇದೆ. ಈ ಚಿತ್ರಗಳ ಕ್ಯಾಮೆರಾ ಕಸದ ಕೊನೆಯಲ್ಲಿ ನಿಂತಿರುತ್ತದೆ. ಪ್ಲಾಸ್ಟಿಕ್ ಹುಟ್ಟುವ ಕಡೆಗೆ ಅಷ್ಟಾಗಿ ತಿರುಗುವುದಿಲ್ಲ. ಹಾಗಾಗಿ ನೋಡುಗನ ಕಣ್ಣಿಗೆ ಅಪರಾಧಿಯಾಗಿ ಉಳಿಯುವವರು ಇಬ್ಬರೇ: ಬಾಟಲಿ ಎಸೆದವನು, ಬಾಟಲಿ ಹಿಡಿದವನು. ಇದಕ್ಕೆ ಹಳೆಯ ಮೇಲ್ಪಂಕ್ತಿಯೂ ಇದೆ. ಅಮೆರಿಕದಲ್ಲಿ 1971ರಲ್ಲಿ ಕಣ್ಣೀರಿಡುವ ಮೂಲನಿವಾಸಿಯ ಚಿತ್ರ ತೋರಿಸಿ, ಮಾಲಿನ್ಯಕ್ಕೆ ಜನರೇ ಕಾರಣ, ಜನರೇ ಅದನ್ನು ನಿಲ್ಲಿಸಬೇಕು ಎಂದು ಸಾರಿದ ಜಾಹೀರಾತು ಬಂದಿತ್ತು. ಅದನ್ನು ಮಾಡಿಸಿದ ಸಂಸ್ಥೆಯ ಹಿಂದೆ ಡಬ್ಬಿ ಮತ್ತು ಬಾಟಲಿ ತಯಾರಿಸುವ ಕಂಪನಿಗಳಿದ್ದವು. ಆ ಮೂಲನಿವಾಸಿಯ ಪಾತ್ರ ಮಾಡಿದವರು ಇಟಲಿ ಮೂಲದ ನಟ. ಕಣ್ಣೀರು ಕೂಡ ಯಾರ ಖರ್ಚಿನಲ್ಲಿ ಹರಿಯುತ್ತದೆ ಎಂದು ನೋಡಬೇಕಾಗುತ್ತದೆ.

ಕತಾರಿನಲ್ಲಿ ಕುಳಿತು ಈ ಮಾತು ಬರೆಯುವಾಗ ನನ್ನ ಕೈಯೂ ಸ್ವಲ್ಪ ತಡೆಯುತ್ತದೆ. ಕತಾರ್ ಪೆಟ್ರೋಕೆಮಿಕಲ್ ಕಂಪನಿ 1974ರಲ್ಲಿ ಸ್ಥಾಪನೆಯಾಗಿ 1981ರಿಂದ ಮೆಸೈದ್‌ನಲ್ಲಿ ಉತ್ಪಾದನೆ ನಡೆಸುತ್ತಿದೆ. ರಾಸ್ ಲಫಾನ್‌ನಲ್ಲಿ 2024ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿದ್ದ ಹೊಸ ಸಂಕೀರ್ಣದಿಂದ ವರ್ಷಕ್ಕೆ ಸುಮಾರು 17 ಲಕ್ಷ ಟನ್ ಪಾಲಿಎಥಿಲೀನ್ ಬರಲಿದೆ. ನಮ್ಮ ಅನೇಕ ಮನೆಗಳ ಒಲೆ ಉರಿಯುವುದು ಈ ಉದ್ಯಮದ ಸಂಬಳದಿಂದ. ಊರಿನಲ್ಲಿ ಕಟ್ಟಿದ ಮನೆ, ಮಕ್ಕಳ ಕಾಲೇಜು ಫೀಸು, ಈ ಸಂಚಿಕೆಯ ಜಾಹೀರಾತು, ಎಲ್ಲದರಲ್ಲೂ ಅದರ ಪಾಲಿದೆ. ಉಂಡ ಮನೆಯನ್ನು ಬೈಯುವುದು ನನ್ನ ಉದ್ದೇಶವಲ್ಲ. ಆದರೆ ಉಂಡ ಮನೆಯ ಹೆಸರನ್ನೇ ಎತ್ತದೆ ಎಂಟು ವರ್ಷದ ಮಗುವಿನ ಮೇಲೆ ತಪ್ಪು ಹೊರಿಸಿದರೆ ಅದೂ ಧರ್ಮವಲ್ಲ. ಪ್ಲಾಸ್ಟಿಕ್ ಕುರಿತ ಜಾಗತಿಕ ಒಪ್ಪಂದದ ಮಾತುಕತೆ 2024ರ ಕೊನೆಯಲ್ಲಿ ಬುಸಾನ್‌ನಲ್ಲಿ, 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಒಮ್ಮತವಿಲ್ಲದೆ ಮುಗಿಯಿತು. ಜಗಳದ ಮುಖ್ಯ ಗಂಟು ಒಂದೇ: ಉತ್ಪಾದನೆಗೆ ಮಿತಿ ಹಾಕಬೇಕೋ, ಕಸವನ್ನಷ್ಟೇ ನೋಡಿಕೊಂಡರೆ ಸಾಕೋ?

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಪ್ಲಾಸ್ಟಿಕ್ಕನ್ನು ರಾಕ್ಷಸನೆನ್ನಲು ನನ್ನ ವೃತ್ತಿ ಬಿಡುವುದಿಲ್ಲ. 1980ರ ದಶಕದಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ನಾವು ಗಾಜಿನ ಸಿರಿಂಜ್ ಕುದಿಸಿ ಮತ್ತೆ ಮತ್ತೆ ಬಳಸುತ್ತಿದ್ದೆವು. ಕೆಲವೊಮ್ಮೆ ಸರದಿ ಉದ್ದವಾದಾಗ ಕುದಿಸುವ ಹೊತ್ತು ಗಿಡ್ಡವಾಗುತ್ತಿತ್ತು. ಒಮ್ಮೆ ಬಳಸಿ ಎಸೆಯುವ ಸೂಜಿ ಬಂದ ಮೇಲೆ ಕಾಮಾಲೆ, ಎಚ್‌ಐವಿ ಸೋಂಕಿನ ದೊಡ್ಡ ಭಯವೊಂದು ಕಳೆಯಿತು. ಆ ಪ್ಲಾಸ್ಟಿಕ್ಕಿಗೆ ನಾನು ಋಣಿ. ಡ್ರಿಪ್ ಸೆಟ್ಟನ್ನೂ ಉಪ್ಪಿಟ್ಟು ಹಾಕುವ ಥರ್ಮೋಕೋಲ್ ತಟ್ಟೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನಿಂದಾಗದು.

ಒಬ್ಬರು ಏನು ಮಾಡಬಹುದು?

'ಎ ಪ್ಲಾಸ್ಟಿಕ್ ಓಶನ್' ಕೊನೆಯಲ್ಲಿ ನೋಡುಗರನ್ನು ತಮ್ಮ ಅಭ್ಯಾಸ ಬದಲಿಸಿಕೊಳ್ಳಲು ಕೇಳುತ್ತದೆ. ಕೇಳಿದರೆ ಬದಲಾಗುತ್ತಾರೆಯೇ? 'ಬ್ಲೂ ಪ್ಲಾನೆಟ್ 2'ರ ವಿಷಯದಲ್ಲಿ ಇದನ್ನು ಪರೀಕ್ಷಿಸಲಾಗಿದೆ. ಔಷಧಗಳನ್ನು ಪರೀಕ್ಷಿಸುವಂತೆಯೇ, ಒಂದು ಗುಂಪಿಗೆ ಅದರ ಕಂತನ್ನು, ಇನ್ನೊಂದಕ್ಕೆ ಬೇರೆ ಚಿತ್ರವನ್ನು ತೋರಿಸಿ, ಆಮೇಲೆ ತಿಂಡಿಪಾನೀಯದ ಆಯ್ಕೆಯನ್ನು ಗಮನಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ನೋಡಿದವರ ತಿಳಿವಳಿಕೆ ಹೆಚ್ಚಿತು; ಪ್ಲಾಸ್ಟಿಕ್ ಪೊಟ್ಟಣದ ಆಯ್ಕೆ ಬದಲಾಗಲಿಲ್ಲ. ಇದಕ್ಕೆ ಪ್ರತಿಯಾಗಿ ಐರ್ಲೆಂಡಿನಲ್ಲಿ 2002ರಲ್ಲಿ ಚೀಲಕ್ಕೆ 15 ಸೆಂಟ್ ಸುಂಕ ಹಾಕಿದಾಗ ಬಳಕೆ ಶೇಕಡ 90ಕ್ಕೂ ಹೆಚ್ಚು ಇಳಿಯಿತು. ಕತಾರಿನಲ್ಲಿ 2022ರ ನವೆಂಬರ್ 15ರಂದು ತೆಳು ಚೀಲಗಳ ನಿಷೇಧ ಜಾರಿಯಾದ ಮೇಲೆ ನಮ್ಮ ಕಾರುಗಳ ಡಿಕ್ಕಿಯಲ್ಲಿ ಬಟ್ಟೆಚೀಲ ಕಾಣಿಸಿಕೊಂಡಿತು. ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲೇ ನಿಷೇಧ ಬಂದಿದ್ದರೂ ಊರಿಗೆ ಹೋದಾಗ ಹೂವು ಕಟ್ಟಿಕೊಡುವುದು ತೆಳು ಚೀಲದಲ್ಲೇ. ಕಣ್ಣೀರು ಮಾಡದ ಕೆಲಸವನ್ನು ಕಾಯ್ದೆ ಮಾಡುತ್ತದೆ, ಅದೂ ಜಾರಿಗೆ ಬಂದಲ್ಲಿ ಮಾತ್ರ.

ಹಾಗಾದರೆ ವ್ಯಕ್ತಿಗೆ ಕೆಲಸವಿಲ್ಲವೇ? ಇದೆ, ಆದರೆ ಒಂಟಿ ಗ್ರಾಹಕನಿಗಿಂತ ಸಂಘದ ಸದಸ್ಯನಾಗಿ ಅವನ ಕೈ ಉದ್ದ. ನಮ್ಮ ಸಂಘವೇ ವರ್ಷಕ್ಕೆ ಎಷ್ಟೋ ಸಾವಿರ ಊಟ ಬಡಿಸುತ್ತದೆ. ರಾಜ್ಯೋತ್ಸವ, ಯುಗಾದಿ, ಗಣೇಶ ಹಬ್ಬಗಳಿಗೆ ಸ್ಟೀಲ್ ತಟ್ಟೆ ಲೋಟ ಬಾಡಿಗೆಗೆ ತಂದು, ನೀರಿಗೆ ದೊಡ್ಡ ಕ್ಯಾನ್ ಇಟ್ಟರೆ ಸಾಕು. ಒಂದು ಸಮಿತಿಯ ಒಂದು ತೀರ್ಮಾನ ಐನೂರು ಕುಟುಂಬಗಳ ಸಂಕಲ್ಪಕ್ಕಿಂತ ಗಟ್ಟಿ. ಬೀಚ್ ಸ್ವಚ್ಛತೆಗೆ ಹೋದಾಗ ಫೋಟೊ ಜೊತೆಗೆ ಪಟ್ಟಿಯೂ ಇರಲಿ: ಎಷ್ಟು ಬಾಟಲಿ, ಎಷ್ಟು ಹಗ್ಗ, ಎಷ್ಟು ಬಲೆ. ಆ ಪಟ್ಟಿ ನಗರಪಾಲಿಕೆಯ ಸಚಿವಾಲಯಕ್ಕೆ ತಲುಪಲಿ. ಫುವೈರಿತ್ ದಂಡೆಯಲ್ಲಿ ಹಾಕ್ಸ್‌ಬಿಲ್ ಆಮೆಗಳು ಮೊಟ್ಟೆಯಿಡುವ ಕಾಲದಲ್ಲಿ ದಂಡೆಯನ್ನು ಅವುಗಳಿಗೇ ಬಿಟ್ಟುಬಿಡೋಣ. ಕಾರ್ಖಾನೆಗಳಲ್ಲಿರುವ ನಮ್ಮ ಎಂಜಿನಿಯರುಗಳು ಸಾಗಣೆಯಲ್ಲಿ ಚೆಲ್ಲುವ ಪ್ಲಾಸ್ಟಿಕ್ ಹರಳುಗಳ ಬಗ್ಗೆ ತಮ್ಮ ತಮ್ಮ ಜಾಗದಲ್ಲಿ ಒಂದು ಮಾತು ಎತ್ತಬಹುದು. ಅದು ಬಾಟಲಿ ಬಿಟ್ಟವನ ತ್ಯಾಗಕ್ಕಿಂತ ಕಷ್ಟದ ಕೆಲಸ, ಗೊತ್ತು.

ಇದು ನಮಗೆ ಬರೀ ಕಡಲಿನ ಮಾತಲ್ಲ, ಕುಡಿಯುವ ನೀರಿನ ಮಾತು. ಹೊಳೆಯಿಲ್ಲದ ಈ ದೇಶದ ಕುಡಿಯುವ ನೀರು ಬರುವುದು ಕಡಲಿನಿಂದಲೇ. ರಾಸ್ ಅಬು ಫಂತಾಸ್, ಉಮ್ ಅಲ್ ಹೌಲ್ ಸ್ಥಾವರಗಳಲ್ಲಿ ಉಪ್ಪು ತೆಗೆದ ನೀರು ಅದು. ಈ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್. ಹೊರಗಿನ ಕಡಲಿಗೆ ಹೋರ್ಮುಜ್ ಒಂದೇ ಬಾಗಿಲು. ಒಳಗೆ ಬಿದ್ದದ್ದು ಬೇಗ ಹೊರಗೆ ಹೋಗುವುದಿಲ್ಲ. ಬಾಟಲಿ ನೀರು ಇದರಿಂದ ಪಾರುಮಾಡುತ್ತದೆ ಎಂದುಕೊಳ್ಳುವುದೂ ಬೇಡ. 2024ರ ಜನವರಿಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬಾಟಲಿ ನೀರಿನಲ್ಲಿ ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣಗಳನ್ನು ಕಂಡರು. ಕಟ್ಟಡದ ಟ್ಯಾಂಕ್ ಶುಚಿಯಾಗಿದ್ದರೆ ನಲ್ಲಿಯ ನೀರನ್ನು ಸೋಸಿ ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ ಎಂಬುದು ನನ್ನ ಸಲಹೆ. ಟ್ಯಾಂಕ್ ತೊಳೆಸಿದ್ದು ಯಾವಾಗ ಎಂದು ಮನೆಮಾಲೀಕರನ್ನು ಕೇಳುವುದೂ ಪರಿಸರದ ಕೆಲಸವೇ.

ಆ ಹುಡುಗಿಗೆ ನಾನು ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಅವಳು ಇದನ್ನು ಓದಲಾರಳು. ಅವಳ ಅಪ್ಪ ಅಮ್ಮ ಓದಿ ಹೇಳಲಿ. ಪುಟ್ಟಿ, ಆ ಮರಿ ಏಕೆ ಸತ್ತಿತೆಂದು ಯಾರೂ ಪರೀಕ್ಷೆ ಮಾಡಿ ನೋಡಿಲ್ಲ. ನಾನು ಗೊತ್ತಿಲ್ಲದೆ ಹೌದು ಎಂದೆ, ತಪ್ಪಾಯಿತು. ಕಡಲಿನಲ್ಲಿ ಇರಬಾರದ ವಸ್ತು ಬಹಳ ಇದೆ ಎಂಬುದು ಮಾತ್ರ ನಿಜ. ನೀನು ಕುರ್ಚಿಯ ಕೆಳಗೆ ಅಡಗಿಸಿದ ಬಾಟಲಿ ನೀನು ತಂದದ್ದಲ್ಲ. ಅಂದು ಬಾಗಿಲಲ್ಲಿ ನಿಂತು ಮಕ್ಕಳಿಗೆಲ್ಲ ಒಂದೊಂದು ಬಾಟಲಿ ಕೊಟ್ಟವರು ನಮ್ಮ ಸಂಘದವರು. ಆ ಬಾಟಲಿಗಳ ಬಿಲ್ಲಿಗೆ ಒಪ್ಪಿಗೆ ಕೊಟ್ಟ ಸಮಿತಿಯಲ್ಲಿ ನಾನೂ ಇದ್ದೆ. ಈ ವರ್ಷದ ಕಾರ್ಯಕ್ರಮಕ್ಕೆ ಸ್ಟೀಲ್ ಲೋಟಗಳನ್ನು ತರಿಸಬೇಕೆಂದು ಸಮಿತಿಗೆ ಬರೆದು ಕೊಟ್ಟಿದ್ದೇನೆ. ತೊಳೆಯುವವರು ಯಾರು ಎಂಬ ಪ್ರಶ್ನೆ ಆಗಲೇ ಎದ್ದಿದೆ. ಮೊದಲ ಸರದಿ ನನ್ನದು ಎಂದಿದ್ದೇನೆ.