ಹುಟ್ಟು ಒಂದೇ, ಹೊಳೆ ದೊಡ್ಡದು

ಹರಿಹರದಿಂದ ಕುಮಾರಪಟ್ಟಣಕ್ಕೆ ಬರುವ ಬಸ್ಸಿಗೆ ತುಂಗಭದ್ರೆ ಅರೆಗಳಿಗೆಯ ನೋಟವಷ್ಟೆ. ಹೊಳೆಯ ಸೆಳೆತ ತಿಳಿಯಲು ಹರಿಗೋಲೇ ಬೇಕು. ಬಿದಿರಿನ ಹೆಣಿಗೆ; ಹೊರಮೈಗೆ ಹಿಂದೆ ತೊಗಲು, ಈಗ ಡಾಂಬರು ಬಳಿದ ಪ್ಲಾಸ್ಟಿಕ್. ಅದಕ್ಕೆ ಮುಂದು ಹಿಂದು ಇಲ್ಲ, ಹುಟ್ಟು ತಪ್ಪಿದರೆ ಬುಗುರಿ. ಪಳಗಿದ ಅಂಬಿಗ ಹುಟ್ಟನ್ನು ಎದುರಿಗೆ ಚಾಚಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ನೋಡಲು ಸಲೀಸು, ಹಿಡಿದರೆ ಗೊತ್ತಾಗುತ್ತದೆ! ಇದೇ ನದಿಯ ಆನೆಗೊಂದಿಯಲ್ಲಿ ಹರಿಗೋಲುಗಳು 15–20 ಜನರನ್ನು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದವೆಂದು 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಬರೆದ.

ಬಲ್ಲವರೊಬ್ಬರ ಜೊತೆ ಒಂದು ದಿನ ಹೊಳೆಗುಂಟ ಹೊರಡಿ: ಹರಿಹರದ ಹರಿಹರೇಶ್ವರ ಗುಡಿ, ಚೌಡಯ್ಯದಾನಪುರ, ಕೊನೆಗೆ ವರದಾ ನದಿ ಕೂಡುವ ಗಳಗನಾಥ. ನಡುವಿನ ಊರಿಗೇ ಹೆಚ್ಚು ಹೊತ್ತಿರಲಿ. 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ನೆನಪಿನ ನೆಲವದು. ಉಳಿದ ಶರಣರು ಹೆಚ್ಚಾಗಿ ದೇವರ ಹೆಸರಲ್ಲಿ ವಚನ ಮುಗಿಸಿದರೆ, ಈತ ಕಸುಬು ಸೇರಿದ ತನ್ನ ಹೆಸರನ್ನೇ ಅಂಕಿತವಾಗಿಸಿದ. ಮಳೆಗಾಲದಲ್ಲಿ ಮಾತ್ರ ಹರಿಗೋಲು ಹತ್ತಬೇಡಿ.