ಶ್ರೀಮತಿಯ ಹೆಸರೇನು?

ನಾವಿರುವುದು ಟೋಕಿಯೋದ ಎಡೋಗಾವಾದಲ್ಲಿ, ನಿಶಿಕಸಾಯ್ ಸ್ಟೇಷನ್ನಿನ ಹತ್ತಿರ. ಕಳೆದ ರಾಜ್ಯೋತ್ಸವಕ್ಕೆ ನಾಲ್ಕಾರು ಕನ್ನಡ ಮನೆಯವರು ಸೇರಿದ್ದಾಗ ಹಳೆಯ ಹಾಸ್ಯ ಧಾರಾವಾಹಿಗಳ ಮೇಲೊಂದು ಕ್ವಿಜ್ ನಡೆಸಿದೆ. ಚಂದ್ರು, ಗೀತಾ ಇಬ್ಬರ ಹೆಸರಿಗೂ ‘ಸಿಹಿಕಹಿ’ ಅಂಟಿದ್ದು ಹೇಗೆ ಎಂದರೆ, ದೊಡ್ಡವರೆಲ್ಲ ಒಟ್ಟಿಗೆ ಕೂಗಿದರು: ದೂರದರ್ಶನದ ಧಾರಾವಾಹಿಯಿಂದ! ಇಲ್ಲೇ ಬೆಳೆದ ನನ್ನ ಮಗಳು ಮಾತ್ರ ಕೇಳಿದಳು, ‘ಅಪ್ಪಾ, ಸಿಹಿಕಹಿ ಅವರ ಸರ್‌ನೇಮಾ?’

ಎಲ್ಲರೂ ನಕ್ಕೆವು. ಆದರೆ ‘ಸಿಹಿಕಹಿ’ಯ ಒಂದು ದೃಶ್ಯ ಹೇಳಿ ಎಂದಾಗ ಯಾರೂ ಬಾಯಿ ಬಿಡಲಿಲ್ಲ. ನನಗೂ ನೆನಪಿರಲಿಲ್ಲ. ಧಾರಾವಾಹಿ ಮರೆತುಹೋಗಿ ಹೆಸರಷ್ಟೇ ಉಳಿದಿತ್ತು.

ಇದು ರಂಗಭೂಮಿಯಿಂದ ಬಂದ ರೂಢಿ. ‘ಮುಖ್ಯಮಂತ್ರಿ’ ನಾಟಕದಿಂದ ಮುಖ್ಯಮಂತ್ರಿ ಚಂದ್ರು, ‘ಸಿಲ್ಲಿಲಲ್ಲಿ’ಯಿಂದ ಸಿಲ್ಲಿಲಲ್ಲಿ ರವಿಶಂಕರ್. ಹಳೇ ಮೈಸೂರು ಕಡೆ ನಮ್ಮಂಥ ಅನೇಕರಿಗೆ ಮನೆತನದ ಹೆಸರೇ ಇಲ್ಲ, ಇರುವುದು ಇನಿಷಿಯಲ್. ನಟರಿಗಾದರೆ ಮನೆಹೆಸರನ್ನು ಪ್ರೇಕ್ಷಕರೇ ಕೊಟ್ಟರು.

ಇನಿಷಿಯಲ್‌ನಿಂದಲೇ ನಗೆ ಹುಟ್ಟಿಸಿದ್ದು ಸಿಹಿಕಹಿ ಚಂದ್ರು ಅವರ ‘ಪಾ ಪ ಪಾಂಡು’. ಬಿಡಿಬಿಡಿಯಾಗಿ ಓದಿದರೆ ಹಾಜರಿ ಪುಸ್ತಕದ ಹೆಸರು, ಕೂಡಿಸಿ ಓದಿದರೆ ‘ಪಾಪ, ಪಾಂಡು!’ ಯಾವ ಭಾಷೆಗೂ ಹೋಗದ ತಮಾಷೆ ಇದು. ಆದರೆ ಇದೇ ಅದರ ದೌರ್ಬಲ್ಯವೂ ಹೌದು. ಕಥೆ ಶುರುವಾಗುವ ಮೊದಲೇ ಶೀರ್ಷಿಕೆ ತೀರ್ಪು ಕೊಟ್ಟುಬಿಡುತ್ತದೆ. ಪೆಟ್ಟು ತಿನ್ನುವ ಗಂಡ ಪಾಪದವನು, ಹೆಂಡತಿ ಬಜಾರಿ. ಚಿದಾನಂದರ ಪಾಂಡುವಿಗೆ ಹೆಸರೂ ಇದೆ, ಇನಿಷಿಯಲ್ಲೂ ಇದೆ. ಶಾಲಿನಿಯವರ ಪಾತ್ರದ ಹೆಸರು ‘ಶ್ರೀಮತಿ’. ಅದು ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ಬರುವ ಮಾತು. ಮುಂದಿನ ಹೆಸರು ಬರಲೇ ಇಲ್ಲ. ಶಾಲಿನಿ ಆ ಪಾತ್ರಕ್ಕೆ ತುಂಬಿದ ಜೀವ ದೊಡ್ಡದು. ಆದರೂ ಆಕೆಯ ಸಿಟ್ಟಿಗೆ ಏನು ಕಾರಣ ಎಂದು ನಾವು ಕೇಳಲಿಲ್ಲ, ನಗುತ್ತ ಕೂತೆವು. 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಧಾರಾವಾಹಿ ಮರಳಿ ಬಂದಾಗಲೂ ಆಕೆ ಶ್ರೀಮತಿಯೇ.

ಇಲ್ಲಿ ಭಾನುವಾರ ಸಂಜೆ ಮಗಳು ನೋಡುವ ‘ಸಜಾಎ-ಸಾನ್’ ಕೂಡ ಹೆಸರಿನ ಆಟವೇ. ಫ್ಯೂಜಿ ಟಿವಿಯಲ್ಲಿ 1969ರಿಂದ ನಡೆದು ಬಂದಿರುವ ಈ ಕಾರ್ಟೂನ್ ಸಂಸಾರದಲ್ಲಿ ಎಲ್ಲರಿಗೂ ಕಡಲಿನ ಹೆಸರು. ಸಜಾಎ ಒಂದು ಬಗೆಯ ಕಡಲ ಬಸವನಹುಳು, ತಮ್ಮ ಕಾತ್ಸುಒ ಮೀನು, ತಂಗಿ ವಾಕಾಮೆ ಕಡಲ ಪಾಚಿ. ಗಂಡ ಮಾಸುಒ ಅತ್ತೆ-ಮಾವನ ಮನೆಯಲ್ಲೇ ಇದ್ದಾನೆ, ಆದರೂ ಸಜಾಎಯ ಮನೆಹೆಸರು ತವರಿನ ಇಸೊನೊ ಅಲ್ಲ, ಗಂಡನ ಫುಗುತಾ. ಈ ಸಣ್ಣ ಸಂಗತಿಯಲ್ಲಿ ಜಪಾನಿನ ಮದುವೆಯ ಕಟ್ಟಳೆಯೇ ಇದೆ: ಗಂಡಹೆಂಡಿರಿಗೆ ಒಂದೇ ಮನೆಹೆಸರು. ಆದರೂ ಕಾರ್ಯಕ್ರಮ ನಡೆಯುವುದು ಆಕೆಯ ಸ್ವಂತ ಹೆಸರಿನಲ್ಲಿ. ಪೆದ್ದುತನ ಆಕೆಯದು, ಸಿಟ್ಟೂ ಆಕೆಯದು.

ಕ್ವಿಜ್ ಪ್ರಶ್ನೆಗಳನ್ನು ಕ್ಷುಲ್ಲಕ ಎಂದು ತಳ್ಳಿಹಾಕುವ ವಿಮರ್ಶಕರಿದ್ದಾರೆ. ನಾನು ಆ ಗುಂಪಿನವನಲ್ಲ. ಯಾರನ್ನು ನೋಡಿ ನಕ್ಕೆವು, ಯಾರನ್ನು ಮರೆತೆವು ಎಂಬುದು ಇಂಥ ಚಿಲ್ಲರೆ ವಿವರಗಳಲ್ಲೇ ಸಿಗುತ್ತದೆ.

ವಾರ್ಡ್ ಕಚೇರಿಯ ಅರ್ಜಿಯಲ್ಲಿ ಮನೆಹೆಸರಿನ ಖಾನೆಗೆ ನಾನು ಬರೆದದ್ದು ನಮ್ಮಪ್ಪನ ಹೆಸರು. ಶಾಲೆಯಲ್ಲಿ ಮಗಳನ್ನು ಕರೆಯುವುದೂ ಅದೇ ಹೆಸರಿನಿಂದ. ಅವಳನ್ನು ಹೆತ್ತವಳ ಹೆಸರಿಗೆ ಆ ಅರ್ಜಿಯಲ್ಲಿ ಒಂದೇ ಒಂದು ಸಾಲು. ಮುಂದಿನ ರಾಜ್ಯೋತ್ಸವಕ್ಕೆ ಮೊದಲ ಪ್ರಶ್ನೆ ಗೊತ್ತುಮಾಡಿಟ್ಟಿದ್ದೇನೆ. ಉತ್ತರ ಮಾತ್ರ ನನ್ನ ಹತ್ತಿರವೂ ಇಲ್ಲ.